ಮಲೇರಿಯಾ ಬಂದ ಮಗುವಿನ ಎದೆಬಡಿತ

ಮಳೆ ಹಿಡಿದು ತಿಂಗಳಾಗುವಷ್ಟರಲ್ಲಿ ಕರಾವಳಿಯ ಕಡೆಯಿಂದ ಈ ಅಂಕಣಕ್ಕೆ ಒಂದೇ ಪ್ರಶ್ನೆ ಬೇರೆ ಬೇರೆ ಕೈಬರಹಗಳಲ್ಲಿ ಬರತೊಡಗುತ್ತದೆ. ‘ಮಗಳಿಗೆ ಮಲೇರಿಯಾ ಆಗಿತ್ತು, ಈಗ ಜ್ವರ ಬಿಟ್ಟಿದೆ. ಜ್ವರ ಇದ್ದಾಗ ಅವಳ ಎದೆ ಹೊಡೆದುಕೊಳ್ಳುತ್ತಿದ್ದುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. ಹೃದಯಕ್ಕೆ ಏನಾದರೂ ಆಗಿರಬಹುದೇ? ಎಕೋ ಮಾಡಿಸಬೇಕೇ? ಶಾಲೆಯಲ್ಲಿ ಆಟಕ್ಕೆ ಬಿಡಬಹುದೇ?’ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಗುವಿಗೆ ಬರೆದುಕೊಟ್ಟ ಔಷಧವೇ ಹೃದಯಕ್ಕೆ ಕೆಟ್ಟದ್ದೆಂದು ಯಾರೋ ಹೇಳಿದರು, ನಿಲ್ಲಿಸಲೇ ಎಂದು ಕೇಳುತ್ತಾರೆ. ಮಕ್ಕಳ ಚಿಕಿತ್ಸೆಯಲ್ಲೇ ಬದುಕು ಕಳೆಯುತ್ತಿರುವ ನನಗೆ ಈ ಭಯ ಚೆನ್ನಾಗಿ ಗೊತ್ತು. ಜ್ವರ ಎಷ್ಟಿದೆ ಎನ್ನುವುದು ಥರ್ಮಾಮೀಟರಿನಲ್ಲಿ ಒಂದು ಅಂಕಿ ಮಾತ್ರ. ಮಗುವನ್ನು ಎತ್ತಿಕೊಂಡಾಗ ನಮ್ಮ ಎದೆಗೆ ತಾಗುವ ಅದರ ಎದೆಬಡಿತ ಹಾಗಲ್ಲ, ಅದು ಹೆತ್ತವರ ನಿದ್ದೆಯನ್ನೇ ಕಸಿಯುತ್ತದೆ.

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಮಲೇರಿಯಾ ಬಂದು ಗುಣವಾದ ಬಹುತೇಕ ಮಕ್ಕಳ ಹೃದಯಕ್ಕೆ ಏನೂ ಆಗಿರುವುದಿಲ್ಲ. ರೋಗದ ದಿನಗಳಲ್ಲಿ ಅದು ಮಿತಿಮೀರಿ ದುಡಿದಿರುತ್ತದೆ, ಅಷ್ಟೇ. ಜ್ವರ ಇಳಿದು ರಕ್ತ ತುಂಬಿಕೊಂಡ ಮೇಲೆ ಬಡಿತ ತಾನಾಗಿ ಹತೋಟಿಗೆ ಬರುತ್ತದೆ. ‘ಜ್ವರ ಬಂದು ಹೃದಯದ ವಾಲ್ವ್ ಹಾಳಾಯಿತು’ ಎಂಬ ಮಾತು ನಮ್ಮ ಊರುಗಳಲ್ಲಿ ಸುಮ್ಮನೆ ಹುಟ್ಟಿದ್ದಲ್ಲ, ಆದರೆ ಅದು ಬೇರೆ ಜ್ವರದ ಕಥೆ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು, ಕೆಲವು ವಾರಗಳ ಬಳಿಕ ಕೀಲುಗಳು ಊದಿ ಬರುವ ರುಮ್ಯಾಟಿಕ್ ಜ್ವರ ಹೃದಯದ ಕವಾಟಗಳಿಗೆ ಶಾಶ್ವತ ಹಾನಿ ಮಾಡುತ್ತದೆ. ನಮ್ಮ ದೇಶದಲ್ಲಿ ಎಷ್ಟೋ ಯುವಕ ಯುವತಿಯರ ಹೃದಯ ಶಸ್ತ್ರಚಿಕಿತ್ಸೆಗೆ ಅದೇ ಕಾರಣ. ಮಲೇರಿಯಾ ಕವಾಟಗಳ ತಂಟೆಗೆ ಹೋಗುವುದಿಲ್ಲ. ಎರಡೂ ಜ್ವರಗಳು ಮನೆಮಂದಿಯ ನೆನಪಿನಲ್ಲಿ ಬೆರೆತುಹೋಗಿರುವುದರಿಂದ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಿದ್ದರೆ ಆ ಬಡಿತ ಯಾಕೆ? ಮಲೇರಿಯಾದ ಪರಾವಲಂಬಿ ಬೀಡುಬಿಡುವುದು ಕೆಂಪು ರಕ್ತಕಣದಲ್ಲಿ. ಅಲ್ಲಿರುವ ಹಿಮೋಗ್ಲೋಬಿನ್ನನ್ನೇ ತಿಂದು, ಒಳಗೇ ಮರಿಯಿಟ್ಟು, ಸುಮಾರು 48 ಗಂಟೆಗೊಮ್ಮೆ ಕಣವನ್ನು ಒಡೆದು ಹೊರಬರುತ್ತದೆ. ದಿನ ಬಿಟ್ಟು ದಿನ ನಡುಕ ಬರುವುದು ಇದೇ ಲೆಕ್ಕದಲ್ಲಿ. ಸೋಂಕು ತಗುಲಿದ ಕಣಗಳು ಒಡೆಯುವುದು ಎಲ್ಲರಿಗೂ ಗೊತ್ತು. ಅವುಗಳ ಜೊತೆ ಸೋಂಕೇ ತಗುಲದ, ಆರೋಗ್ಯವಾಗಿಯೇ ಇದ್ದ ಕಣಗಳೂ ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಗುಲ್ಮದಲ್ಲಿ ನಾಶವಾಗುತ್ತವೆ, ಮೂಳೆಯೊಳಗೆ ಹೊಸ ಕಣಗಳ ತಯಾರಿಯೂ ನಿಧಾನವಾಗುತ್ತದೆ. ಹೀಗಾಗಿ ಹನ್ನೊಂದೋ ಹನ್ನೆರಡೋ ಇರಬೇಕಾದ ಮಗುವಿನ ಹಿಮೋಗ್ಲೋಬಿನ್ ಕೆಲವೇ ದಿನಗಳಲ್ಲಿ ಏಳಕ್ಕೆ, ಐದಕ್ಕೆ ಕುಸಿಯಬಹುದು. ಮಕ್ಕಳಲ್ಲಿ ಐದು ಗ್ರಾಂಗಿಂತ ಕೆಳಗಿಳಿದರೆ ಅದನ್ನು ತೀವ್ರ ಮಲೇರಿಯಾದ ರಕ್ತಹೀನತೆ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಕೊಡ ಚಿಕ್ಕದಾದರೆ ಬಾವಿಗೆ ಹೆಚ್ಚು ಸಲ ಹೋಗಬೇಕಾಗುತ್ತದಲ್ಲ, ಹಾಗೆ ಪ್ರತಿ ಬಡಿತದಲ್ಲಿ ಸಾಗುವ ಆಮ್ಲಜನಕ ಕಡಿಮೆಯಾದಾಗ ಹೃದಯ ಬಡಿತದ ಸಂಖ್ಯೆಯನ್ನೇ ಏರಿಸಿಕೊಳ್ಳುತ್ತದೆ.

ದೊಡ್ಡವರ ಹೃದಯಕ್ಕೆ ಇಂಥ ಹೊತ್ತಿನಲ್ಲಿ ಎರಡು ದಾರಿಗಳಿವೆ: ಬೇಗ ಬೇಗ ಬಡಿಯುವುದು, ಇಲ್ಲವೇ ಪ್ರತಿ ಬಡಿತದಲ್ಲಿ ಹೆಚ್ಚು ರಕ್ತವನ್ನು ತಳ್ಳುವುದು. ಪುಟ್ಟ ಮಗುವಿನ ಹೃದಯದ ಸ್ನಾಯು ಇನ್ನೂ ಬಿಗಿಯಾಗಿರುವುದರಿಂದ ಎರಡನೆಯ ದಾರಿ ಅದಕ್ಕೆ ಅಷ್ಟಾಗಿ ಒದಗುವುದಿಲ್ಲ. ಅದು ವೇಗವನ್ನೇ ನಂಬಬೇಕು. ಜ್ವರವೊಂದೇ ಸಾಕು, ದೇಹದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಿಮಿಷಕ್ಕೆ ಹತ್ತರಷ್ಟು ಬಡಿತ ಹೆಚ್ಚಾಗುತ್ತದೆ. ಒಂದು ವರ್ಷದ ಮಗುವಿನ ಬಡಿತ ಆರೋಗ್ಯವಿದ್ದಾಗಲೂ ನಿಮಿಷಕ್ಕೆ ನೂರರ ಮೇಲೆಯೇ ಇರುತ್ತದೆ. ಅದಕ್ಕೆ ಜ್ವರ, ರಕ್ತಹೀನತೆ, ಅಳು, ಸೂಜಿಯ ಹೆದರಿಕೆ ಎಲ್ಲ ಸೇರಿದರೆ 170, 180 ಮುಟ್ಟುವುದು ಅಚ್ಚರಿಯಲ್ಲ. ಈ ಸಂಖ್ಯೆ ಕಂಡು ಗಾಬರಿಯಾಗಿ ಬರುವವರಿಗೆ ನಾನು ಹೇಳುವುದು, ಎಣಿಸುವುದನ್ನು ಬಿಟ್ಟು ಮಗುವಿನ ಅಂಗೈ ನೋಡಿ. ನಿಮ್ಮ ಅಂಗೈ ಪಕ್ಕದಲ್ಲಿಟ್ಟು ಹೋಲಿಸಿ. ಅದು ಬಿಳಿಚಿಕೊಂಡಿದ್ದರೆ, ಕೆಳಗಣ್ಣಿನ ಒಳಭಾಗ ಮತ್ತು ನಾಲಗೆ ಕೆಂಪು ಕಳೆದುಕೊಂಡಿದ್ದರೆ, ಎದೆಬಡಿತದ ಕಾರಣ ಅಲ್ಲೇ ಕಾಣುತ್ತದೆ. ಜ್ವರ ಬಂದ ದಿನದಿಂದಲೇ ಮಗು ಬಿಳಿಚುತ್ತಾ ಹೋಗುತ್ತಿದ್ದರೆ ಆಸ್ಪತ್ರೆಗೆ ಓಡಲು ಅಷ್ಟೇ ಕಾರಣ ಸಾಕು.

ನಮ್ಮ ಮಂಗಳೂರು, ಉಡುಪಿ ಭಾಗದಲ್ಲಿ ಹೆಚ್ಚಾಗಿ ಕಾಣುವುದು ವೈವ್ಯಾಕ್ಸ್ ಮಲೇರಿಯಾ. ತೊಂಬತ್ತರ ದಶಕದಲ್ಲಿ ಕಟ್ಟಡಗಳು ಏಳತೊಡಗಿದಾಗ ಅದು ಊರನ್ನು ಹಿಡಿಯಿತು. ಬಾವಿ, ತಾರಸಿಯ ಟ್ಯಾಂಕ್, ಕಾಂಕ್ರೀಟ್ ಆರದಂತೆ ನಿಲ್ಲಿಸುವ ನೀರು, ಇವೆಲ್ಲ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗಗಳು. ಈಗ ಪ್ರಕರಣಗಳು ಬಹಳ ಇಳಿದಿವೆ. ಆದರೂ ಕಟ್ಟಡದ ಕೆಲಸಕ್ಕೆ ಬಂದು ಅಲ್ಲೇ ತಗಡಿನ ಶೆಡ್ಡಿನಲ್ಲಿ ಮಲಗುವವರ ಮಕ್ಕಳಿಗೆ ಇಂದಿಗೂ ಅದರ ಕಾಟ ತಪ್ಪಿಲ್ಲ. ಮೊದಲೇ ಪೌಷ್ಟಿಕತೆ ಕಡಿಮೆ, ಹೊಟ್ಟೆಯಲ್ಲಿ ಹುಳ, ರಕ್ತದಲ್ಲಿ ಕಬ್ಬಿಣ ಇಲ್ಲ. ಅದರ ಮೇಲೆ ಮಲೇರಿಯಾ ಬಂದರೆ ಹೃದಯದ ಹೊರೆ ದುಪ್ಪಟ್ಟಾಗುತ್ತದೆ. ಈ ಮಕ್ಕಳ ಬಗ್ಗೆ ಪತ್ರ ಬರೆಯುವವರಿಲ್ಲ. ಅವರ ಪರವಾಗಿಯೂ ಈ ಬರಹ.

ಆದರೆ ಮಲೇರಿಯಾ ಮಗುವಿನ ಹೃದಯವನ್ನು ನಿಜಕ್ಕೂ ಎಷ್ಟು ಕಾಡಬಲ್ಲದು ಎಂದು ತಿಳಿಯಬೇಕಾದರೆ ಆಫ್ರಿಕಾದತ್ತ ನೋಡಬೇಕು. 2023ರಲ್ಲಿ ಪ್ರಪಂಚದಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5 ಲಕ್ಷ 97 ಸಾವಿರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನೂರಕ್ಕೆ 95 ಸಾವುಗಳು ಆಫ್ರಿಕಾದಲ್ಲಿ, ಅಲ್ಲಿ ಸತ್ತ ನಾಲ್ವರಲ್ಲಿ ಮೂವರು ಐದು ವರ್ಷದೊಳಗಿನ ಮಕ್ಕಳು. ಅಲ್ಲಿಯದು ಫಾಲ್ಸಿಪಾರಂ. ಈ ಬಗೆಯ ಪರಾವಲಂಬಿ ಹೊಕ್ಕ ರಕ್ತಕಣದ ಮೈಮೇಲೆ ಸಣ್ಣ ಸಣ್ಣ ಉಬ್ಬುಗಳು ಏಳುತ್ತವೆ. ಅವುಗಳ ನೆರವಿನಿಂದ ಕಣ ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ, ಗುಲ್ಮಕ್ಕೆ ಸಿಕ್ಕಿಬೀಳದೆ ತಪ್ಪಿಸಿಕೊಳ್ಳುವುದು ಅದರ ಉಪಾಯ. ಮಿದುಳಿನಲ್ಲಿ ಹೀಗೆ ಅಂಟಿಕೊಂಡಾಗ ಮಗು ಪ್ರಜ್ಞೆ ತಪ್ಪುತ್ತದೆ. ಹೃದಯದ ಸ್ನಾಯುವಿನ ಸೂಕ್ಷ್ಮ ನಾಳಗಳಲ್ಲೂ ಈ ಕಣಗಳು ಒತ್ತಾಗಿ ತುಂಬಿರುವುದನ್ನು ಮರಣೋತ್ತರ ಪರೀಕ್ಷೆಗಳಲ್ಲಿ ಕಂಡಿದ್ದಾರೆ. ನನ್ನನ್ನು ಮೊದಲಿನಿಂದಲೂ ಬೆರಗುಗೊಳಿಸಿದ ಸಂಗತಿ ಇದು: ಅಷ್ಟು ತುಂಬಿದ್ದರೂ ಹೃದಯದ ಸ್ನಾಯುವಿನಲ್ಲಿ ಉರಿಯೂತವಾಗಲಿ ಕೊಳೆತವಾಗಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಘಾನಾದ ಕುಮಾಸಿಯಲ್ಲಿ ತೀವ್ರ ಮಲೇರಿಯಾದ ಮಕ್ಕಳಿಗೆ ಎಕೋ ಮಾಡಿ ನೋಡಿದವರೂ ಹೃದಯದ ಹಿಂಡುವ ಶಕ್ತಿ ಬಹುಮಟ್ಟಿಗೆ ಉಳಿದೇ ಇರುತ್ತದೆ, ಅದು ಮಾಮೂಲಿಗಿಂತ ಹೆಚ್ಚು ರಕ್ತ ಹರಿಸುತ್ತಿರುತ್ತದೆ ಎಂದೇ ವರದಿ ಮಾಡಿದರು. ಉಳಿದ ಅಂಗಾಂಶಗಳು ಆಮ್ಲಜನಕ ಸಿಗದೆ ಲ್ಯಾಕ್ಟಿಕ್ ಆಮ್ಲವನ್ನು ರಕ್ತಕ್ಕೆ ಸುರಿಯುತ್ತಿದ್ದರೆ, ಹೃದಯದ ಸ್ನಾಯು ಆ ಲ್ಯಾಕ್ಟೇಟನ್ನೇ ಉರುವಲಾಗಿ ಬಳಸಬಲ್ಲದು. ಇಡೀ ದೇಹ ಸೋಲುತ್ತಿರುವಾಗಲೂ ಮಗುವಿನ ಹೃದಯ ಹೋರಾಟ ಬಿಡುವುದಿಲ್ಲ.

ಹಾಗೆಂದು ಅದು ಗಾಯವಿಲ್ಲದೆ ಪಾರಾಗುತ್ತದೆ ಎನ್ನಲಾರೆ. ಒಡೆದ ಕಣಗಳಿಂದ ಚೆಲ್ಲಿದ ಹಿಮೋಗ್ಲೋಬಿನ್, ರಕ್ತನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಹೀರಿಬಿಡುತ್ತದೆ. ಇದರಿಂದ ಶ್ವಾಸಕೋಶದ ರಕ್ತನಾಳಗಳು ಬಿಗಿದು ಹೃದಯದ ಬಲಭಾಗಕ್ಕೆ ಒತ್ತಡ ಬೀಳುತ್ತದೆ. ಮಾಲಿಯ ಮಕ್ಕಳಲ್ಲಿ ಈ ಒತ್ತಡವನ್ನು ಅಳೆದು ತೋರಿಸಿದ್ದಾರೆ. ಹೃದಯದ ಗೋಡೆ ಹಿಗ್ಗಿದಾಗ ರಕ್ತದಲ್ಲಿ ಏರುವ ಕೆಲವು ವಸ್ತುಗಳು ತೀವ್ರ ಮಲೇರಿಯಾದಲ್ಲಿ ಏರಿರುವುದೂ ಕಂಡಿದೆ. ಅಪರೂಪಕ್ಕೆ ಸ್ನಾಯುವಿಗೇ ಉರಿಯೂತ ಬಂದು ಬಡಿತ ಹಾದಿ ತಪ್ಪಿದ ಮಕ್ಕಳ ವರದಿಗಳಿವೆ, ವೈವ್ಯಾಕ್ಸ್‌ನಲ್ಲೂ ಇವೆ. ಆದರೆ ಇವು ಅಪವಾದಗಳು. ಪ್ರತಿ ಮಲೇರಿಯಾ ಮಗುವಿಗೂ ಎಕೋ ಮಾಡಿಸಿ ಎಂದು ಹೇಳುವವರ ಜೊತೆ ನನಗೆ ಒಪ್ಪಿಗೆ ಇಲ್ಲ. ಅದೇ ದುಡ್ಡಿನಲ್ಲಿ ಎಷ್ಟೋ ಸಲ ಹಿಮೋಗ್ಲೋಬಿನ್ ಮತ್ತು ಸಕ್ಕರೆ ನೋಡಬಹುದು, ಅವೇ ಹೆಚ್ಚು ಜೀವ ಉಳಿಸುತ್ತವೆ.

ನಾನು ಈ ಅಂಕಣದಲ್ಲಿ ಹೇಳಬೇಕೆಂದುಕೊಂಡ ಮುಖ್ಯ ಮಾತಿಗೆ ಈಗ ಬರುತ್ತೇನೆ. ಮಲೇರಿಯಾದಲ್ಲಿ ಮಗುವಿನ ಹೃದಯಕ್ಕೆ ಪರಾವಲಂಬಿಯಿಂದ ಆಗುವ ಅಪಾಯಕ್ಕಿಂತ, ಅದರ ಬಡಿತವನ್ನು ನಾವು ತಪ್ಪಾಗಿ ಅರ್ಥ ಮಾಡಿಕೊಂಡು ಕೊಡುವ ಚಿಕಿತ್ಸೆಯಿಂದ ಆಗುವ ಅಪಾಯ ಕಡಿಮೆಯೇನಲ್ಲ. ಇದನ್ನು ವೈದ್ಯಲೋಕ ಕಲಿತದ್ದು ಬಹಳ ನಿಧಾನವಾಗಿ, ಬಹಳ ನೋವಿನಿಂದ.

ಕೆನ್ಯಾದ ಕರಾವಳಿಯಲ್ಲಿ ಕಿಲಿಫಿ ಎಂಬ ಊರಿದೆ. ಅಲ್ಲಿನ ಜಿಲ್ಲಾಸ್ಪತ್ರೆಗೆ ಮಲೇರಿಯಾದಿಂದ ದಾಖಲಾದ 1,844 ಮಕ್ಕಳನ್ನು ಗಮನಿಸಿ ಕೆವಿನ್ ಮಾರ್ಶ್ ಮತ್ತು ಅವರ ಸಂಗಡಿಗರು 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ ಮಕ್ಕಳಲ್ಲಿ 64 ಮಂದಿ ತೀರಿಕೊಂಡಿದ್ದರು. ಅವರಲ್ಲಿ 54 ಮಕ್ಕಳಿಗೆ ಎರಡು ಲಕ್ಷಣಗಳಲ್ಲಿ ಒಂದಾದರೂ ಇತ್ತು: ಪ್ರಜ್ಞೆ ಮಂಕಾಗಿರುವುದು, ಇಲ್ಲವೇ ಉಸಿರಾಟದ ಕಷ್ಟ. ಇಷ್ಟು ಸರಳವಾದ, ಯಂತ್ರ ಬೇಡದ ಎರಡು ಗುರುತುಗಳು. ಆ ಉಸಿರಾಟದ ಕಷ್ಟವನ್ನು ಅದುವರೆಗೆ ಹೆಚ್ಚಿನವರು ಹೃದಯ ಸೋತದ್ದರ ಗುರುತೆಂದೇ ತಿಳಿದಿದ್ದರು. ಮಗು ಬಿಳಿಚಿದೆ, ಎದೆ ಹೊಡೆದುಕೊಳ್ಳುತ್ತಿದೆ, ಲಿವರ್ ಊದಿ ಕೈಗೆ ಸಿಗುತ್ತಿದೆ, ಏದುಸಿರು ಬಿಡುತ್ತಿದೆ. ಪಠ್ಯಪುಸ್ತಕದ ಪ್ರಕಾರ ಹೃದಯ ವೈಫಲ್ಯಕ್ಕೆ ಇನ್ನೇನು ಬೇಕು? ಹಾಗಾಗಿ ಡಿಗಾಕ್ಸಿನ್ ಕೊಡುತ್ತಿದ್ದರು, ಮೂತ್ರ ಹೆಚ್ಚಿಸಿ ದೇಹದ ನೀರಿಳಿಸುವ ಇಂಜೆಕ್ಷನ್ ಕೊಡುತ್ತಿದ್ದರು, ರಕ್ತವನ್ನು ಹನಿಹನಿಯಾಗಿ ತಡವಾಗಿ ಹಾಕುತ್ತಿದ್ದರು. ಕಿಲಿಫಿಯಲ್ಲೇ ಮುಂದೆ ನಡೆದ ಕೆಲಸದಿಂದ ತಿಳಿದದ್ದೇನೆಂದರೆ, ಈ ಮಕ್ಕಳಲ್ಲಿ ಹೆಚ್ಚಿನವರ ಆಳವಾದ ಉಸಿರಾಟಕ್ಕೆ ಕಾರಣ ರಕ್ತದಲ್ಲಿ ಆಮ್ಲ ಹೆಚ್ಚಾದದ್ದು. ದೇಹ ಆ ಆಮ್ಲವನ್ನು ಉಸಿರಿನ ಮೂಲಕ ಹೊರಹಾಕಲು ಯತ್ನಿಸುತ್ತಿತ್ತು. ಹೃದಯ ತನ್ನ ಕೆಲಸ ಮಾಡುತ್ತಲೇ ಇತ್ತು, ಸಾಗಿಸಲು ಆಮ್ಲಜನಕ ಹೊತ್ತ ರಕ್ತವೇ ಇರಲಿಲ್ಲ. ಆ ಮಗುವಿಗೆ ಬೇಕಾಗಿದ್ದದ್ದು ರಕ್ತ, ಅದೂ ಬೇಗ.

ಇದು ನನಗೆ ಕಲಿಸಿದ ಕಣ್ಣಿನ ಅಭ್ಯಾಸ ಇಂದಿಗೂ ಉಳಿದಿದೆ. ನ್ಯುಮೋನಿಯಾದ ಮಗು ಕೆಮ್ಮುತ್ತದೆ, ಚಿಕ್ಕ ಚಿಕ್ಕದಾಗಿ ಬೇಗ ಬೇಗ ಉಸಿರೆಳೆಯುತ್ತದೆ. ಆಮ್ಲ ಏರಿದ ಮಲೇರಿಯಾದ ಮಗು ಕೆಮ್ಮುವುದೇ ಇಲ್ಲ, ಆದರೆ ಓಡಿ ಬಂದವರ ಹಾಗೆ ಇಡೀ ಎದೆ ಎದ್ದು ಬೀಳುವಂತೆ ಆಳವಾಗಿ ಉಸಿರಾಡುತ್ತದೆ. ಅಮ್ಮಂದಿರು ಈ ವ್ಯತ್ಯಾಸವನ್ನು ನಾವು ಹೇಳುವ ಮೊದಲೇ ಗುರುತಿಸಿರುತ್ತಾರೆ. ‘ಕಫ ಏನೂ ಇಲ್ಲ ಡಾಕ್ಟ್ರೇ, ಆದರೆ ಉಸಿರು ಮಾತ್ರ ಹೀಗೆ’ ಎಂದು ತಮ್ಮ ಎದೆಯನ್ನೇ ಏರಿಳಿಸಿ ತೋರಿಸುತ್ತಾರೆ. ಅಂಥ ಮಾತನ್ನು ಕೇಳಿಸಿಕೊಂಡ ವೈದ್ಯರು ಅರ್ಧ ರೋಗವನ್ನು ಕಂಡುಹಿಡಿದಂತೆಯೇ.

ಇನ್ನೊಂದು ಅಧ್ಯಯನದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕೈಕಾಲು ತಣ್ಣಗಾಗಿ, ನಾಡಿ ಕ್ಷೀಣವಾಗಿ, ಎದೆ ವೇಗವಾಗಿ ಬಡಿಯುತ್ತಿರುವ ಮಗು ಬಂದರೆ ರಕ್ತನಾಳದ ಮೂಲಕ ಸಲೈನನ್ನು ರಭಸವಾಗಿ ಹರಿಸಬೇಕು ಎಂಬುದು ಶ್ರೀಮಂತ ದೇಶಗಳ ತುರ್ತು ಚಿಕಿತ್ಸೆಯ ಮೊದಲ ಪಾಠವಾಗಿತ್ತು. ಆಫ್ರಿಕಾದ ಆಸ್ಪತ್ರೆಗಳಲ್ಲಿ ಇದನ್ನು ಅಷ್ಟಾಗಿ ಮಾಡುತ್ತಿರಲಿಲ್ಲ. ಮಾಡಿದರೆ ಎಷ್ಟು ಮಕ್ಕಳು ಉಳಿದಾರು ಎಂದು ತಿಳಿಯಲು ಕ್ಯಾಥರಿನ್ ಮೇಟ್‌ಲ್ಯಾಂಡ್ ಎಂಬ ಮಕ್ಕಳ ತಜ್ಞೆಯ ನೇತೃತ್ವದಲ್ಲಿ ಉಗಾಂಡ, ಕೆನ್ಯಾ ಮತ್ತು ಟಾಂಜಾನಿಯಾಗಳ ಆರು ಆಸ್ಪತ್ರೆಗಳಲ್ಲಿ ‘ಫೀಸ್ಟ್’ ಎಂಬ ಹೆಸರಿನ ಪ್ರಯೋಗ ನಡೆಯಿತು. ವೆಂಟಿಲೇಟರ್ ಇಲ್ಲದ, ತೀವ್ರ ನಿಗಾ ಘಟಕ ಇಲ್ಲದ ಆಸ್ಪತ್ರೆಗಳು ಅವು. ತೀವ್ರ ಜ್ವರದ ಕಾಯಿಲೆಯಲ್ಲಿ ರಕ್ತಸಂಚಾರ ಕುಂದಿದ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ರಭಸದ ಸಲೈನ್, ಇನ್ನೊಂದಕ್ಕೆ ರಭಸದ ಆಲ್ಬುಮಿನ್, ಮೂರನೆಯದಕ್ಕೆ ಎರಡೂ ಇಲ್ಲ, ದಿನದ ಅಗತ್ಯದ ನೀರಿನಂಶ ಮಾತ್ರ ನಿಧಾನವಾಗಿ. ಔಷಧ, ರಕ್ತ, ಆಮ್ಲಜನಕ ಎಲ್ಲರಿಗೂ ಒಂದೇ ರೀತಿ. ಈ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಮಲೇರಿಯಾ ಇತ್ತು.

2011ರ ಜನವರಿಯಲ್ಲಿ, 3,141 ಮಕ್ಕಳು ಸೇರಿದ ಹಂತದಲ್ಲಿ, ಪ್ರಯೋಗದ ಮೇಲೆ ಕಣ್ಣಿಟ್ಟಿದ್ದ ಸ್ವತಂತ್ರ ಸಮಿತಿ ಅದನ್ನು ನಿಲ್ಲಿಸಿಬಿಟ್ಟಿತು. 48 ಗಂಟೆಗಳೊಳಗೆ ಸತ್ತವರು ಆಲ್ಬುಮಿನ್ ಗುಂಪಿನಲ್ಲಿ ನೂರಕ್ಕೆ 10.6, ಸಲೈನ್ ಗುಂಪಿನಲ್ಲಿ 10.5, ರಭಸದ ದ್ರವ ಪಡೆಯದ ಗುಂಪಿನಲ್ಲಿ 7.3. ಜೀವ ಉಳಿಸುತ್ತದೆಂದು ಜಗತ್ತೆಲ್ಲ ನಂಬಿದ್ದ ಚಿಕಿತ್ಸೆ ಪ್ರತಿ ನೂರು ಮಕ್ಕಳಲ್ಲಿ ಸುಮಾರು ಮೂವರ ಜೀವ ತೆಗೆದಿತ್ತು. ಮೊದಲ ಗಂಟೆಯಲ್ಲಿ ರಭಸದ ದ್ರವ ಪಡೆದ ಮಕ್ಕಳು ಚೇತರಿಸಿಕೊಂಡಂತೆಯೇ ಕಂಡಿದ್ದರು, ಕೈಕಾಲು ಬೆಚ್ಚಗಾಗಿದ್ದವು, ನಾಡಿ ಸಿಗತೊಡಗಿತ್ತು. ಹಾಸಿಗೆಯ ಪಕ್ಕದಲ್ಲಿದ್ದ ಯಾವ ವೈದ್ಯನಿಗೂ ‘ಇದು ಕೆಲಸ ಮಾಡುತ್ತಿದೆ’ ಎಂದೇ ಅನಿಸಿರುತ್ತದೆ. ಸಾವು ಆಮೇಲೆ ಬಂತು. ಹೀಗಾಗಿ ಒಬ್ಬ ವೈದ್ಯನ ಅನುಭವದಿಂದ ಈ ಅಪಾಯ ಎಂದೂ ತಿಳಿಯುತ್ತಿರಲಿಲ್ಲ. ಸಾವಿರಾರು ಮಕ್ಕಳನ್ನು ಪ್ರಾಮಾಣಿಕವಾಗಿ ಎಣಿಸಿದ್ದರಿಂದಷ್ಟೇ ತಿಳಿಯಿತು. ಬಡ ದೇಶದ ಮಕ್ಕಳ ಮೇಲೆ ಪ್ರಯೋಗ ಮಾಡುತ್ತಾರೆ ಎಂಬ ಆಕ್ಷೇಪ ಸಕಾರಣವಾಗಿ ಅನೇಕ ಸಲ ಕೇಳಿಬರುತ್ತದೆ. ಆದರೆ ಫೀಸ್ಟ್ ನಡೆಯದೆ ಇದ್ದಿದ್ದರೆ ಆ ಚಿಕಿತ್ಸೆ ಒಳ್ಳೆಯ ಉದ್ದೇಶದ ತರಬೇತಿಗಳ ಮೂಲಕ ಆಫ್ರಿಕಾದ ಹಳ್ಳಿ ಹಳ್ಳಿಗೂ ತಲುಪುತ್ತಿತ್ತು. ಆ ಮಕ್ಕಳ ಹೆತ್ತವರಿಗೆ ಜಗತ್ತು ಋಣಿಯಾಗಿದೆ ಎಂದು ನಾನು ನಂಬುತ್ತೇನೆ.

ಯಾಕೆ ಹಾಗಾಯಿತು ಎಂಬುದಕ್ಕೆ ಮೊದಲು ಎಲ್ಲರೂ ಊಹಿಸಿದ್ದು ಶ್ವಾಸಕೋಶದಲ್ಲಿ ನೀರು ತುಂಬಿರಬೇಕು ಎಂದು. ಆದರೆ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಹೆಚ್ಚುವರಿ ಸಾವುಗಳಿಗೆ ಮುಖ್ಯ ಕಾರಣ ಹೃದಯ ಮತ್ತು ರಕ್ತಸಂಚಾರದ ಕುಸಿತ. ಮುಂದಿನ ಅಧ್ಯಯನ ಇನ್ನಷ್ಟು ಬಿಡಿಸಿ ಹೇಳಿತು: ಮೊದಲೇ ತೆಳುವಾಗಿದ್ದ ರಕ್ತಕ್ಕೆ ಸಲೈನ್ ಸೇರಿ ಹಿಮೋಗ್ಲೋಬಿನ್ ಇನ್ನೂ ತೆಳುವಾಯಿತು, ಸಲೈನಿನಲ್ಲಿರುವ ಕ್ಲೋರೈಡ್ ರಕ್ತದ ಆಮ್ಲವನ್ನು ಏರಿಸಿತು. ತನ್ನ ಶಕ್ತಿ ಮೀರಿ ಓಡುತ್ತಿದ್ದ ಹೃದಯಕ್ಕೆ ನಾವು ಕೊಟ್ಟ ನೀರು ಆಮ್ಲಜನಕವನ್ನು ತರಲಿಲ್ಲ, ಹೊರೆಯನ್ನಷ್ಟೇ ತಂದಿತು. ಈಗ ತೀವ್ರ ಮಲೇರಿಯಾದ ಮಕ್ಕಳಿಗೆ ರಭಸದ ದ್ರವ ಹಾಕಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ.

ಇಲ್ಲಿಗೂ ಅದಕ್ಕೂ ಏನು ಸಂಬಂಧ ಎನ್ನುವಿರೇನೋ. ನಮ್ಮಲ್ಲಿ ಜ್ವರ ಬಂದ ಮಗುವಿನೊಂದಿಗೆ ಬರುವ ಹತ್ತು ಮನೆಯವರಲ್ಲಿ ಹಲವರ ಮೊದಲ ಬೇಡಿಕೆಯೇ ‘ಒಂದು ಬಾಟ್ಲಿ ಗ್ಲೂಕೋಸ್ ಹಾಕಿಬಿಡಿ ಡಾಕ್ಟ್ರೇ, ಪಾಪು ತುಂಬ ಸುಸ್ತಾಗಿದೆ’. ಹಾಕದಿದ್ದರೆ ಡಾಕ್ಟರಿಗೆ ಗೊತ್ತಿಲ್ಲ ಎಂದು ಪಕ್ಕದ ಕ್ಲಿನಿಕ್ಕಿಗೆ ಹೋಗುವವರಿದ್ದಾರೆ, ಅಲ್ಲಿ ಹಾಕುವವರೂ ಇದ್ದಾರೆ. ಬಾಟಲಿಯಲ್ಲಿರುವುದು ಸಕ್ಕರೆ, ಉಪ್ಪು, ನೀರು ಮಾತ್ರ. ವಾಂತಿಯಿಲ್ಲದೆ ಬಾಯಲ್ಲಿ ಕುಡಿಯಬಲ್ಲ ಮಗುವಿಗೆ ಗಂಜಿ ತಿಳಿ, ಎಳನೀರು, ಓಆರ್‌ಎಸ್ ಅದಕ್ಕಿಂತ ಒಳ್ಳೆಯವು. ಬಿಳಿಚಿಕೊಂಡ ಮಲೇರಿಯಾದ ಮಗುವಿಗೆ ಬಾಟಲಿಯನ್ನು ಬೇಗ ಬೇಗ ಹರಿಸುವುದು ಅಪಾಯ. ಇದನ್ನು ಓದಿ ಯಾರೂ ಭೇದಿಯಾಗಿ ಕಣ್ಣು ಗುಳಿಬಿದ್ದ ಮಗುವಿಗೆ ಡ್ರಿಪ್ ಬೇಡ ಎನ್ನಬಾರದು. ಅಂಥ ಮಕ್ಕಳನ್ನು ಫೀಸ್ಟ್‌ನಲ್ಲಿ ಸೇರಿಸಿಯೇ ಇರಲಿಲ್ಲ, ಅಲ್ಲಿ ದ್ರವವೇ ಜೀವ. ಡೆಂಗಿಯ ಆಘಾತದ ಲೆಕ್ಕವೂ ಬೇರೆ, ಅಲ್ಲಿ ರಕ್ತನಾಳಗಳೇ ಸೋರುತ್ತಿರುತ್ತವೆ. ಅದಕ್ಕೇ ನಾನು ಹೇಳುವುದು, ಯಾವ ಜ್ವರ ಎಂದು ರಕ್ತಪರೀಕ್ಷೆಯಿಂದ ತಿಳಿಯುವ ಮೊದಲೇ ಬಾಟಲಿ ಕೇಳಬೇಡಿ.

ಇನ್ನು ಔಷಧ ಹೃದಯಕ್ಕೆ ಕೆಟ್ಟದ್ದು ಎಂಬ ಭಯ. ಅದರಲ್ಲಿ ಹಳೆಯ ಸತ್ಯ ಒಂದಿದೆ. ಕ್ವಿನೈನ್ ತೀವ್ರ ಮಲೇರಿಯಾಕ್ಕೆ ದೀರ್ಘಕಾಲ ಮುಖ್ಯ ಮದ್ದಾಗಿತ್ತು. ಅದನ್ನು ನರಕ್ಕೆ ಬೇಗ ಕೊಟ್ಟರೆ ರಕ್ತದೊತ್ತಡ ಥಟ್ಟನೆ ಕುಸಿಯುತ್ತಿತ್ತು, ಹೃದಯದ ವಿದ್ಯುತ್ ಚಲನೆಯ ಲಯ ಏರುಪೇರಾಗುತ್ತಿತ್ತು. ಹಾಗಾಗಿ ನಾಲ್ಕು ಗಂಟೆಗಳಷ್ಟು ನಿಧಾನವಾಗಿ ಹನಿಸಬೇಕಿತ್ತು. ಮಗುವಿನ ಸಕ್ಕರೆಯ ಮಟ್ಟವನ್ನೂ ಅದು ಇಳಿಸುತ್ತಿತ್ತು. ಹ್ಯಾಲೋಫ್ಯಾಂಟ್ರಿನ್ ಎಂಬ ಇನ್ನೊಂದು ಔಷಧವಂತೂ ಹೃದಯದ ಲಯ ಕೆಡಿಸಿ ಜೀವ ತೆಗೆದದ್ದರಿಂದ ಬಳಕೆಯಿಂದಲೇ ಹೋಯಿತು. ಈಗ ಅವುಗಳ ಜಾಗಕ್ಕೆ ಆರ್ಟಿಸುನೇಟ್ ಇಂಜೆಕ್ಷನ್ ಬಂದಿದೆ. 2010ರಲ್ಲಿ ಪ್ರಕಟವಾದ, ಆಫ್ರಿಕಾದ ಒಂಬತ್ತು ದೇಶಗಳ 5,425 ಮಕ್ಕಳ ಮೇಲಿನ ಅಧ್ಯಯನದಲ್ಲಿ ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 10.9 ಮಕ್ಕಳು ಸತ್ತರೆ, ಆರ್ಟಿಸುನೇಟ್ ಪಡೆದವರಲ್ಲಿ 8.5. ಈ ಗುಂಪಿನ ಔಷಧವನ್ನು ಚೀನಾದ ಗಿಡಮೂಲಿಕೆಯಿಂದ ಬೇರ್ಪಡಿಸಿದ ಟು ಯೂಯೂ ಅವರಿಗೆ 2015ರ ನೊಬೆಲ್ ಬಂದದ್ದು ನಿಮಗೆ ನೆನಪಿರಬಹುದು. ವೈದ್ಯರು ತೂಕ ನೋಡಿ ಬರೆದುಕೊಟ್ಟ ಮಲೇರಿಯಾ ಔಷಧವನ್ನು ಹೃದಯದ ಭಯದಿಂದ ನಿಲ್ಲಿಸಬೇಡಿ. ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ಮಗು, ಬೇರೆ ಮಾತ್ರೆ ತೆಗೆದುಕೊಳ್ಳುತ್ತಿರುವ ಮಗುವಾದರೆ ಅದನ್ನು ಮೊದಲೇ ವೈದ್ಯರಿಗೆ ತಿಳಿಸಿ.

ನಾನು ನಿಜಕ್ಕೂ ಹೆದರುವುದು ಮನೆಯ ಕಪಾಟಿನಲ್ಲಿ ಉಳಿದ ಕ್ಲೋರೋಕ್ವಿನ್ ಮಾತ್ರೆಗಳಿಗೆ. ವೈವ್ಯಾಕ್ಸ್ ಮಲೇರಿಯಾಕ್ಕೆ ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಅದು ಒಳ್ಳೆಯ ಔಷಧ. ಆದರೆ ಅದರ ಒಳಿತಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಡಿಮೆ. ಅಂಬೆಗಾಲಿಡುವ ಮಗು ಒಂದೆರಡು ಮಾತ್ರೆ ನುಂಗಿದರೂ ಗಂಟೆಯೊಳಗೆ ಹೃದಯ ನಿಲ್ಲಬಹುದು. ದೊಡ್ಡವರಿಗೆ ಕೊಟ್ಟದ್ದರಲ್ಲಿ ಉಳಿದರೆ ಮುಂದಿನ ಮಳೆಗಾಲಕ್ಕೆಂದು ಎತ್ತಿಡಬೇಡಿ, ಆರೋಗ್ಯ ಕೇಂದ್ರಕ್ಕೆ ಹಿಂತಿರುಗಿಸಿ.

ಗುಣವಾದ ಮೇಲಿನ ಮಾತಿಗೆ ಬಂದರೆ, ಎಕೋಗಿಂತ ಮುಖ್ಯವಾದ ಪರೀಕ್ಷೆ ಒಂದಿದೆ. ಆರ್ಟಿಸುನೇಟ್ ಇಂಜೆಕ್ಷನ್ ಪಡೆದ ಕೆಲವರಲ್ಲಿ ಒಂದರಿಂದ ಮೂರು ವಾರಗಳ ಬಳಿಕ ರಕ್ತಕಣಗಳು ಇನ್ನೊಮ್ಮೆ ಒಡೆದು ಹಿಮೋಗ್ಲೋಬಿನ್ ಇಳಿಯುವುದುಂಟು. ಔಷಧದ ಉಪಕಾರದ ಮುಂದೆ ಇದು ಸಣ್ಣ ತೊಂದರೆ, ಆದರೆ ಗೊತ್ತಿರಬೇಕು. ಆಸ್ಪತ್ರೆಯಿಂದ ಮನೆಗೆ ಬಂದು ಚೆನ್ನಾಗಿದ್ದ ಮಗು ಮತ್ತೆ ಬಿಳಿಚಿಕೊಂಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡತೊಡಗಿದರೆ ಮೊದಲು ಹಿಮೋಗ್ಲೋಬಿನ್ ನೋಡಿಸಿ. ವೈವ್ಯಾಕ್ಸ್ ಆಗಿದ್ದರೆ ಲಿವರಿನಲ್ಲಿ ಅಡಗಿ ಕೂತ ಪರಾವಲಂಬಿಯನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆಯನ್ನು ಪೂರ್ತಿ 14 ದಿನ ಕೊಡಬೇಕು. ಹೆಚ್ಚಿನ ಮನೆಗಳಲ್ಲಿ ನಾಲ್ಕನೇ ದಿನಕ್ಕೆ ಜ್ವರ ಬಿಟ್ಟಾಗ ಇದು ಮರೆತುಹೋಗುತ್ತದೆ, ತಿಂಗಳೆರಡು ತಿಂಗಳಲ್ಲಿ ಮಲೇರಿಯಾ ಮರಳುತ್ತದೆ, ರಕ್ತ ಮತ್ತೆ ಇಳಿಯುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಮಾತ್ರ ಈ ಮಾತ್ರೆ ರಕ್ತಕಣಗಳನ್ನು ಒಡೆಯುತ್ತದೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಹೋಗಬೇಕು. ಉಳಿದಂತೆ ಮಗುವಿಗೆ ಹಸಿವು ಮರಳಿ, ಅಂಗೈ ಕೆಂಪಾದರೆ ಆಟಕ್ಕೆ ಬಿಡಿ. ಅದು ಎಷ್ಟು ಓಡಬಲ್ಲದು ಎಂಬುದನ್ನು ಅದೇ ನಿರ್ಧರಿಸಲಿ. ಜ್ವರ ಬಿಟ್ಟು, ರಕ್ತವೂ ಸರಿಯಾದ ಮೇಲೂ ಮಲಗಿದ್ದಾಗ ಬಡಿತ ವೇಗವಾಗಿದ್ದರೆ, ಲಯ ತಪ್ಪಿದ್ದರೆ, ತಲೆಸುತ್ತಿ ಬಿದ್ದರೆ ಮಾತ್ರ ಇಸಿಜಿ, ಎಕೋ ಬೇಕು.

ಮಲೇರಿಯಾದಿಂದ ಹೃದಯ ವೈಫಲ್ಯದ ಅಪಾಯ ನೂರಕ್ಕೆ ಮೂವತ್ತರಷ್ಟು ಹೆಚ್ಚು ಎಂಬ ಸುದ್ದಿಯನ್ನು ಕೆಲವರು ಕತ್ತರಿಸಿ ಕಳಿಸಿದ್ದಾರೆ. ಅದು 2019ರಲ್ಲಿ ಡೆನ್ಮಾರ್ಕಿನಿಂದ ಬಂದ ವರದಿ. ಮಲೇರಿಯಾ ಆಗಿದ್ದ ಸುಮಾರು ನಾಲ್ಕು ಸಾವಿರ ಮಂದಿಯನ್ನು ವರ್ಷಗಟ್ಟಲೆ ಗಮನಿಸಿದಾಗ 69 ಮಂದಿಗೆ ಹೃದಯ ವೈಫಲ್ಯ ಕಂಡಿತ್ತು. ಅವರ ಸರಾಸರಿ ವಯಸ್ಸು ಮೂವತ್ತನ್ನು ದಾಟಿತ್ತು, ಮಲೇರಿಯಾವೇ ಕಾರಣ ಎಂದು ಅಂಥ ಅಧ್ಯಯನ ಸಾಬೀತು ಮಾಡಲಾರದು. ಅದನ್ನು ನಿಮ್ಮ ನಾಲ್ಕು ವರ್ಷದ ಮಗುವಿಗೆ ಅನ್ವಯಿಸಿ ನಿದ್ದೆಗೆಡಬೇಕಿಲ್ಲ.

ಕೊನೆಗೆ ರಕ್ತದ ಮಾತು. ಉಗಾಂಡ ಮತ್ತು ಮಲಾವಿಯಲ್ಲಿ ತೀವ್ರ ರಕ್ತಹೀನತೆಯ 3,196 ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನ, ರಕ್ತ ಎಷ್ಟು ಹಾಕಬೇಕು ಎಂಬುದನ್ನೂ ತಿಳಿಸಿತು. ಜ್ವರ ಇಲ್ಲದ ಮಕ್ಕಳಿಗೆ ಕಿಲೋ ತೂಕಕ್ಕೆ 30 ಮಿಲಿಲೀಟರ್ ಕೊಟ್ಟದ್ದು ಒಳ್ಳೆಯದಾಯಿತು, ಜ್ವರ ಇದ್ದವರಿಗೆ 20 ಸಾಕು, ಹೆಚ್ಚಾದರೆ ಕೆಡುಕು. ಹಿಮೋಗ್ಲೋಬಿನ್ ನಾಲ್ಕರಿಂದ ಆರರ ನಡುವೆ ಇದ್ದು ಬೇರೆ ಅಪಾಯದ ಗುರುತಿಲ್ಲದ ಮಕ್ಕಳಿಗೆ ಕೂಡಲೇ ರಕ್ತ ಹಾಕದೆ ಕಣ್ಣಿಟ್ಟು ಕಾದರೂ ಸಾವು ಹೆಚ್ಚಲಿಲ್ಲ. ಆದರೆ ಕಾದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಮುಂದೆ ರಕ್ತ ಬೇಕೇ ಬೇಕಾಯಿತು. ಕಾಯಬಹುದು, ಆದರೆ ರಕ್ತ ಕೈಗೆಟಕುವಷ್ಟು ಹತ್ತಿರ ಇರಬೇಕು ಎಂದೇ ಇದರರ್ಥ. ರುವಾಂಡದಲ್ಲಿ 2016ರಿಂದ ಡ್ರೋನುಗಳಲ್ಲಿ ರಕ್ತದ ಚೀಲಗಳನ್ನು ದೂರದ ಆಸ್ಪತ್ರೆಗಳಿಗೆ ಕಳಿಸುತ್ತಿದ್ದಾರೆ. ನಮ್ಮಲ್ಲಿ ಘಟ್ಟದ ಬುಡದ ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಕೇಂದ್ರಕ್ಕೆ ಮಳೆಯಲ್ಲಿ ರಕ್ತ ತರಲು ಹೋದ ತಂದೆ ಹಿಂತಿರುಗುವವರೆಗೆ ಆ ಹೃದಯ ಕಾಯುತ್ತಿರುತ್ತದೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ರಕ್ತ ಸಂಗ್ರಹಿಸಿಡುವ ಫ್ರಿಜ್ ಮತ್ತು ಅದನ್ನು ನೋಡಿಕೊಳ್ಳುವ ತಂತ್ರಜ್ಞರು ರಾತ್ರಿಯಲ್ಲೂ ಇರಬೇಕೆಂದು ನಿಮ್ಮ ಶಾಸಕರನ್ನು ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬೇಡಿಕೆ ಏರುವ ಆ ದಿನಗಳಲ್ಲಿ, ಸಾಧ್ಯವಿದ್ದವರು ರಕ್ತ ಕೊಡಿ. ಸ್ವತಃ ಮಲೇರಿಯಾ ಆಗಿ ಗುಣವಾದವರು ಮಾತ್ರ ಪೂರ್ತಿ ಚೇತರಿಸಿಕೊಂಡು ಮೂರು ತಿಂಗಳು ಕಳೆದ ಮೇಲೆ ಕೊಡಬೇಕು, ಶಿಬಿರದ ಅರ್ಜಿಯಲ್ಲಿ ಅದನ್ನು ಮುಚ್ಚಿಡದೆ ಬರೆಯಬೇಕು.